ಮೊದಲು ತಗೊಂಡಾಂವ ಸೋತ.. ಅಂತ ಯಾರ್ರೀ ಹೇಳಿದ್ದು?

ಮೊನ್ನೆ ಭಾನುವಾರ ಒಬ್ಬ ಹುಡುಗಿ ನನ್ನ ಮುಂದೆ ಸ್ಕೋರ್‌ಶೀಟ್ ಇಟ್ಟು, ಅಳು ತಡ್ಕೊಂಡು ಕೂತಿದ್ದಳು. ಆರನೇ ಕ್ಲಾಸು. ನಮ್ಮ ಕಾರ್ಖಾನೆಯ ಗೆಳೆಯರೊಬ್ಬರ ಮಗಳು. ಶಾಲೆಗಳ ನಡುವಿನ ಚೆಸ್ ಪಂದ್ಯ, ಇವಳದು ಕರಿ ಕಾಯಿ. ಎಂಟನೇ ನಡೆಗೆ ಕುದುರೆ ಹೋಗಿದೆ, ಇಪ್ಪತ್ತೆರಡನೇ ನಡೆಗೆ ಆಟವೇ ಹೋಗಿದೆ. ಅವರಪ್ಪ "ಸ್ವಲ್ಪ ನೋಡ್ರಿ, ಎಲ್ಲಿ ತಪ್ಪೈತಿ ಹೇಳ್ರಿ" ಅಂತ ಕರಕೊಂಡು ಬಂದಿದ್ದರು.

ಐದನೇ ನಡೆಯಲ್ಲೇ ತಪ್ಪು ಕಂಡಿತು. ಅಲ್ಲಿ ಅವಳು ಎದುರಾಳಿಯ ಕಾಲಾಳನ್ನ ತಗೋಬೇಕಿತ್ತು, ತಗೊಂಡಿಲ್ಲ.

"ಇಲ್ಲಿ ಯಾಕ ತಗೊಳ್ಳಿಲ್ಲವಾ?" ಅಂದೆ.

"ಸರ್ ಹೇಳ್ಯಾರ್ರಿ ಅಂಕಲ್. ನಡುವಿನ ಟೆನ್ಷನ್ ಬಿಡಬಾರದು. ಮೊದಲು ತಗೊಂಡಾಂವ ಸೋತ ಅಂತ."

"ಯಾಕ ಬಿಡಬಾರದು ಅಂತ ಹೇಳ್ಯಾರೇನು?"

ಇಲ್ಲ ಅಂತ ತಲೆ ಅಲ್ಲಾಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. (ಅಂಕಲ್ ಅಂದಿದ್ದಕ್ಕೂ ಸ್ವಲ್ಪ. ನನಗಿನ್ನೂ ಮೂವತ್ತಾಗಿಲ್ಲ :-) )

ಅವಳು ಹೋಗೋ ಕೋಚಿಂಗ್ ಕ್ಲಾಸಿನ ಹೆಸರು ಇಲ್ಲಿ ಬರೆಯೋದಿಲ್ಲ. ಒಂದು ಕ್ಲಾಸಿನ ವಿಚಾರವೂ ಅಲ್ಲ ಇದು. ಈ ಮಂತ್ರ ಈಗ ಎಲ್ಲ ಕಡೆ ಇದೆ. ಯೂಟ್ಯೂಬಿನಲ್ಲಿದೆ, ವಾಟ್ಸಾಪಿನಲ್ಲಿದೆ, ಟೂರ್ನಮೆಂಟ್ ಹಾಲಿನ ಹೊರಗೆ ಮಕ್ಕಳನ್ನ ಕಾಯುತ್ತಾ ನಿಂತಿರೋ ಅಪ್ಪಂದಿರ ಬಾಯಲ್ಲಿದೆ. "ಕೀಪ್ ದ ಟೆನ್ಷನ್" ಅಂದ್ರೆ ಮುಗೀತು, ಅಂಥವನು ದೊಡ್ಡ ಆಟಗಾರ. ನನ್ನ ಇವತ್ತಿನ ಜಗಳ ಈ ಮಂತ್ರದ ಜೊತೆ.

ಮೊದಲೇ ಹೇಳಿಬಿಡ್ತೀನಿ, ನಾನು ಗ್ರ್ಯಾಂಡ್‌ಮಾಸ್ಟರೂ ಅಲ್ಲ, ಏನೂ ಅಲ್ಲ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಚೆಸ್ ಹುಚ್ಚು ಹಿಡಿಸಿಕೊಂಡವನು. ಈಗ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮಷೀನುಗಳ ಲೆಕ್ಕವನ್ನ ಸರ್ವರಿಗೆ ಸಾಗಿಸೋ ಸಾಫ್ಟ್‌ವೇರ್ ಬರೀತೀನಿ. ಬೇಲೂರು ಅಂದ ಕೂಡಲೇ ಶಿಲಾಬಾಲಿಕೆ ನೆನಪಾದವರಿಗೆ: ಆ ಬೇಲೂರಲ್ಲ! ಇದು ಧಾರವಾಡ ದಾಟಿ ಬೆಳಗಾವಿ ಕಡೆ ಹೋಗೋ ಹೆದ್ದಾರಿಯ ಹತ್ತಿರದ್ದು. ಇಲ್ಲಿ ಕಾಣೋದು ತಗಡಿನ ಷೆಡ್ಡು, ಟ್ರಕ್ಕು, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಕೆಸರು. ನಮ್ಮ ಕ್ಯಾಂಟೀನಿನಲ್ಲಿ ಒಂದು ಚೆಸ್ ಬೋರ್ಡ್ ಇದೆ. ಕರಿ ಆನೆ ಒಂದು ಕಳೆದುಹೋಗಿ ಅದರ ಜಾಗದಲ್ಲಿ ಒಂದು ದಪ್ಪ ನಟ್ ನಿಂತು ಎಷ್ಟೋ ಕಾಲ ಆಯ್ತು. ಊಟದ ಮೂವತ್ತು ನಿಮಿಷದಲ್ಲಿ ಹತ್ತು ನಿಮಿಷ ಊಟ, ಇಪ್ಪತ್ತು ನಿಮಿಷ ಚೆಸ್ಸು.

ಅದಿರ್ಲಿ. ಈ ಟೆನ್ಷನ್ ಅಂದ್ರೆ ಏನು? ಚೆಸ್ ಚೆನ್ನಾಗಿ ಗೊತ್ತಿರೋರು ಈ ಪ್ಯಾರಾ ಹಾರಿಸಿ. ಕಾಲಾಳು ನೇರ ನಡೆಯುತ್ತೆ, ಆದರೆ ಹೊಡೆಯೋದು ಓರೆಯಾಗಿ. ನನ್ನ ಕಾಲಾಳು, ನಿಮ್ಮ ಕಾಲಾಳು ಓರೆಯಲ್ಲಿ ಎದುರುಬದುರಾದಾಗ ಇಬ್ಬರಲ್ಲಿ ಯಾರು ಬೇಕಾದರೂ ಇನ್ನೊಬ್ಬರದನ್ನ ತಗೋಬಹುದು. ಇನ್ನೂ ಯಾರೂ ತಗೊಂಡಿಲ್ಲ. ಅದೇ ಟೆನ್ಷನ್. ಬೋರ್ಡಿನ ನಡುವಿನ ನಾಲ್ಕು ಮನೆಗಳ ಸುತ್ತ ಇದು ನಡೆದರೆ ಇಡೀ ಆಟದ ದಿಕ್ಕೇ ಅದರ ಮೇಲೆ ನಿಂತಿರುತ್ತೆ. ಆಗ ಮೂರು ದಾರಿ: ತಗೊಳ್ಳೋದು, ಪಕ್ಕದಿಂದ ಮುಂದೆ ತಳ್ಳಿ ನಡುವನ್ನೇ ಮುಚ್ಚಿಬಿಡೋದು, ಅಥವಾ ಹಾಗೇ ಬಿಟ್ಟು ಬೇರೆ ಕಾಯಿ ನಡೆಸೋದು. ಮೂರನೆಯದಕ್ಕೇ "ಟೆನ್ಷನ್ ಹಿಡಿಯೋದು" ಅಂತಾರೆ.

ಈಗ ನಮ್ಮ ಹುಡುಗಿಯ ಆಟ ನೋಡಿ. ಇಟಾಲಿಯನ್ ಓಪನಿಂಗ್. ಇಬ್ಬರೂ ರಾಜನ ಮುಂದಿನ ಕಾಲಾಳನ್ನ ಎರಡೆರಡು ಮನೆ ನಡೆಸಿದ್ದಾರೆ, ಬಿಳಿಯದು ಇ4, ಇವಳದು ಇ5. ಇಬ್ಬರ ಕುದುರೆಗಳೂ ಹೊರಗೆ ಬಂದಿವೆ. ಬಿಳಿ ಒಂಟೆ ಸಿ4ರಲ್ಲಿ, ಇವಳ ಒಂಟೆ ಸಿ5ರಲ್ಲಿ. ಬಿಳಿ ನಾಲ್ಕನೇ ನಡೆಗೆ ಸಿ3 ಆಡಿದ, ಇವಳು ಇನ್ನೊಂದು ಕುದುರೆಯನ್ನ ಎಫ್6ಕ್ಕೆ ತಂದಳು. ಐದನೇ ನಡೆಗೆ ಬಿಳಿ ಡಿ4. ಬಂತು ಟೆನ್ಷನ್: ಡಿ4ರ ಬಿಳಿ ಕಾಲಾಳು, ಇ5ರ ಕರಿ ಕಾಲಾಳು ಎದುರುಬದುರು. ಜೊತೆಗೆ ಸಿ5ರ ಒಂಟೆಗೂ ಏಟು ಬಿದ್ದಿದೆ.

ಇವಳಿಗೆ ಸರ್ ಮಾತು ನೆನಪಾಯ್ತು. ತಗೊಳ್ಳಲಿಲ್ಲ. ಒಂಟೆಯನ್ನ ಬಿ6ಕ್ಕೆ ಹಿಂದೆ ತಗೊಂಡು "ಟೆನ್ಷನ್ ಹಿಡಿದಳು". ಬಿಳಿ ಹುಡುಗ ಸಲೀಸಾಗಿ ಇ5ನ್ನ ತಗೊಂಡ, ಅದು ಇವಳ ಕುದುರೆಯ ಮೇಲೆ ಹೋಗಿ ನಿಂತಿತು. ಇವಳು ಆ ಕುದುರೆಯಿಂದ ಇ4ನ್ನ ತಿಂದಳು. ಆಗ ಬಿಳಿ ರಾಣಿ ಡಿ5ಕ್ಕೆ ಬಂತು! ಒಂದು ಕಡೆ ಎಫ್7ರಲ್ಲಿ ಮೇಟ್ ಬೆದರಿಕೆ, ಇನ್ನೊಂದು ಕಡೆ ಇ4ರ ಕುದುರೆಗೆ ಗುರಿ. ಎರಡನ್ನೂ ಒಟ್ಟಿಗೆ ಕಾಯೋಕಾಗಲ್ಲ. ಮೇಟ್ ತಪ್ಪಿಸೋಕೆ ಕ್ಯಾಸಲ್ ಮಾಡಿದಳು, ಎಂಟನೇ ನಡೆಗೆ ಕುದುರೆ ಹೋಯ್ತು.

ಐದನೇ ನಡೆಗೆ ಇ5ರಿಂದ ಡಿ4ನ್ನ ತಗೊಂಡಿದ್ದರೆ? ಬಿಳಿ ಸಿ3ರಿಂದ ವಾಪಸ್ ತಗೋತಾನೆ. ಆಗ ಇವಳ ಒಂಟೆ ಬಿ4ಕ್ಕೆ ಹೋಗಿ ಚೆಕ್ ಕೊಡುತ್ತೆ. ಬಿಳಿ ತನ್ನ ಇನ್ನೊಂದು ಒಂಟೆಯನ್ನ ಡಿ2ಕ್ಕೆ ಅಡ್ಡ ತರ್ತಾನೆ, ಒಂಟೆಗಳ ಅದಲುಬದಲು ಆಗುತ್ತೆ. ಆಮೇಲೆ ಇವಳು ಡಿ5 ಅಂತ ನಡುವಿಗೇ ಗುದ್ದು ಕೊಡಬಹುದು. ಬಿಳಿಯ ಸುಂದರ ಜೋಡಿ ಕಾಲಾಳು ಒಡೆದು, ಡಿ4ರಲ್ಲಿ ಒಂಟಿ ಕಾಲಾಳು ಉಳಿಯುತ್ತೆ. ಇದು ಎಷ್ಟೋ ಕಾಲದಿಂದ ಪುಸ್ತಕದಲ್ಲಿರೋ ದಾರಿ. ಇಲ್ಲಿ ಗಮನಿಸಿ: ಮೊದಲು ತಗೊಂಡದ್ದು ಕರಿ. ತಗೊಂಡು, ಮೂರು ನಡೆ ಆದಮೇಲೆ, ತನಗೆ ಅನುಕೂಲವಾದ ಜಾಗದಲ್ಲಿ ತಾನೇ ಹೊಸ ಟೆನ್ಷನ್ ಹುಟ್ಟಿಸಿದ್ದೂ ಕರಿಯೇ. ಎಲ್ಲಿ ಹೋಯ್ತು ನಿಮ್ಮ ಮಂತ್ರ?

ಹಾಗಂತ ಮಂತ್ರ ಪೂರಾ ಸುಳ್ಳು ಅಂತಲೂ ಹೇಳೋಕಾಗಲ್ಲ. ಅದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. ಆ ಅರ್ಧ ನನಗೆ ಅರ್ಥ ಆಗಿದ್ದು ಕ್ಯಾಂಟೀನಿನಲ್ಲಿ.

ನನ್ನ ರೋಗ ಹುಡುಗಿಯದಕ್ಕೆ ಉಲ್ಟಾ. ಎರಡು ಕಾಲಾಳು ಗುರಾಯಿಸ್ತಾ ನಿಂತ್ರೆ ನನಗೆ ಸಹಿಸೋಕಾಗಲ್ಲ. ಇನ್‌ಬಾಕ್ಸಿನಲ್ಲಿ ಓದದ ಮೇಲ್ ಇದ್ದ ಹಾಗೆ. ಕಡಿದು ಬಿಸಾಕಿ ಹಗುರಾಗಬೇಕು ಅನ್ನಿಸುತ್ತೆ. ನಮ್ಮ ಷಾಪ್‌ಫ್ಲೋರಿನ ಹಿರಿಯ ಆಪರೇಟರ್ ಒಬ್ಬರು ನನ್ನ ಖಾಯಂ ಎದುರಾಳಿ. ಅವರು ಆಟ ಕಲಿತದ್ದು ಊರ ಗುಡಿಯ ಕಟ್ಟೆ ಮೇಲೆ, ಹಳೇ ನಿಯಮದಲ್ಲಿ. ಆ ಆಟದಲ್ಲಿ ಕಾಲಾಳು ಮೊದಲ ನಡೆಗೂ ಒಂದೇ ಮನೆ. ಎರಡು ಮನೆ ಜಿಗಿತ ಇಲ್ಲ. ಹಾಗಾಗಿ ಸೈನ್ಯಗಳು ಮುಖಾಮುಖಿ ಆಗೋಕೇ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ಹಿಂದಿನ ಕಾಯಿಗಳೆಲ್ಲ ಜಾಗ ಹಿಡಿದು ಕೂತಿರ್ತವೆ. ಆ ತಾಳ್ಮೆ ಅವರ ಕೈಯಲ್ಲಿ ಇನ್ನೂ ಇದೆ.

ಅವರು ಫ್ರೆಂಚ್ ಡಿಫೆನ್ಸ್ ಆಡ್ತಾರೆ (ಅದಕ್ಕೆ ಆ ಹೆಸರಿದೆ ಅಂತ ಅವರಿಗೆ ಗೊತ್ತಿಲ್ಲ). ನಾನು ಇ4, ಅವರು ಇ6. ನಾನು ಡಿ4, ಅವರು ಡಿ5. ಎರಡೇ ನಡೆಗೆ ಟೆನ್ಷನ್. ನಾನು ತಕ್ಷಣ ಇ4ರಿಂದ ಡಿ5ನ್ನ ತಗೋತಿದ್ದೆ, ಅವರು ಇ6ರಿಂದ ವಾಪಸ್ ತಗೋತಿದ್ದರು. ಒಂದು ದಿನ ನಗ್ತಾ ಅಂದ್ರು: "ಸಾಹೇಬ್ರ, ನನ್ನ ಮನಿ ಬಾಗಿಲಾ ನೀವ ತಗದು ಕೊಡ್ತೀರಲ್ರೀ."

ಮನೆಗೆ ಹೋಗಿ ಬೋರ್ಡ್ ಮುಂದೆ ಕೂತಾಗ ಹೊಳೆಯಿತು. ಫ್ರೆಂಚಿನಲ್ಲಿ ಕರಿಗೆ ಇರೋ ದೊಡ್ಡ ತಲೆನೋವು ಸಿ8ರ ಒಂಟೆ. ಇ6ರ ತನ್ನದೇ ಕಾಲಾಳು ಅದರ ದಾರಿಗೆ ಗೋಡೆ. ನಾನು ತಗೊಂಡ ಕೂಡಲೇ ಆ ಕಾಲಾಳು ಡಿ5ಕ್ಕೆ ಸರಿದು ಗೋಡೆ ಮಾಯ! ಅವರು ಒಂದೂ ನಡೆ ಖರ್ಚು ಮಾಡದೆ ಅವರ ಕಾಯಿಲೆಗೆ ನಾನೇ ಔಷಧ ಕೊಟ್ಟಿದ್ದೆ. ಅದರ ಬದಲು ಕುದುರೆಯನ್ನ ಸಿ3ಕ್ಕೆ ತಂದು ಟೆನ್ಷನ್ ಹಿಡಿದರೆ ಆ ಒಂಟೆ ಒಳಗೇ ಕೂತಿರುತ್ತೆ. ಅವರು ಬೇಸತ್ತು ಇ4ನ್ನ ತಗೊಂಡರೆ ನನ್ನ ಕುದುರೆ ವಾಪಸ್ ತಗೋತಾ ಬೋರ್ಡಿನ ನಡುವಿಗೇ ಬಂದು ನಿಲ್ಲುತ್ತೆ. ಮಂತ್ರದ ನಿಜವಾದ ಅರ್ಧ ಇದು: ತಗೊಂಡಾಗ ಎದುರಾಳಿ ವಾಪಸ್ ತಗೋತಾನೆ, ಆ ವಾಪಸಾತಿಯಲ್ಲಿ ಅವನ ಕಾಯಿಗೆ ಬಿಟ್ಟಿ ಒಳ್ಳೆ ಜಾಗ ಸಿಗಬಹುದು.

ಸಿಗಬಹುದು. ಸಿಕ್ಕೇ ಸಿಗುತ್ತೆ ಅಂತಿಲ್ಲ! ಇಷ್ಟೇ ವ್ಯತ್ಯಾಸ, ಇದನ್ನ ಆ ಮಂತ್ರ ನುಂಗಿ ಹಾಕಿದೆ.

ಕಾಪಾಬ್ಲಾಂಕಾನ ಉದಾಹರಣೆ ತಗೊಳ್ಳಿ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನಲ್ಲಿ ಬಿಳಿಯ ಸಿ4, ಕರಿಯ ಡಿ5 ಎದುರುಬದುರು. ಕರಿ ಯಾವಾಗ ಬೇಕಾದರೂ ಸಿ4ನ್ನ ತಗೋಬಹುದು. ಬೇಗ ತಗೊಂಡರೆ ಬಿಳಿ ಒಂಟೆ ಎಫ್1ರಿಂದ ಒಂದೇ ನೆಗೆತಕ್ಕೆ ಸಿ4ಕ್ಕೆ ಬಂದು ಕೂರುತ್ತೆ. ಅದಕ್ಕೇ ಕರಿ ಕಾಯುತ್ತೆ. ಬಿಳಿ ಒಂಟೆ ಡಿ3ಕ್ಕೆ ಬಂದ ಮರುಕ್ಷಣವೇ ಸಿ4ನ್ನ ತಗೊಳ್ಳುತ್ತೆ! ಈಗ ಅದೇ ಒಂಟೆ ಡಿ3ರಿಂದ ಸಿ4ಕ್ಕೆ, ಅಂದ್ರೆ ಒಂದು ನಡೆಯ ಕೆಲಸಕ್ಕೆ ಎರಡು ನಡೆ. ಆಮೇಲೆ ಕುದುರೆಯನ್ನ ಡಿ5ಕ್ಕೆ ತಂದು, ಕಾಯಿಗಳನ್ನ ಅದಲುಬದಲು ಮಾಡಿ ಇಕ್ಕಟ್ಟಿನಿಂದ ಹೊರಬರೋದು ಕಾಪಾಬ್ಲಾಂಕಾ ವಿಧಾನ. ಬಿಳಿಗೂ ಈ ಕುತಂತ್ರ ಗೊತ್ತು. ಅವನೂ ಒಂಟೆ ಎತ್ತದೆ ಆನೆಯನ್ನ ಸಿ1ಕ್ಕೆ, ರಾಣಿಯನ್ನ ಸಿ2ಕ್ಕೆ ಅಂತ ಕಾಲ ತಳ್ತಾನೆ. ಯಾರು ಮೊದಲು ಉಪಯೋಗಕ್ಕೆ ಬರೋ ಕಾಯೋ ನಡೆ ಇಲ್ಲದೆ ಕೈ ಚೆಲ್ತಾರೆ ಅನ್ನೋ ಜಗ್ಗಾಟ ಅದು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಖೈನ್ ಅವನ ಪಟ್ಟ ಕಿತ್ತುಕೊಂಡ ಪಂದ್ಯದ 34 ಆಟಗಳಲ್ಲಿ 32 ಇದೇ ಓಪನಿಂಗ್.

ಇಲ್ಲಿ ಮೊದಲು ತಗೊಂಡಾಂವ ಸೋತ ಅಂತೀರಾ? ಅವನು ಕಾದದ್ದು ಒಂದು ನಡೆ ಗಳಿಸೋಕೆ, ಗಳಿಸಿದ ಕೂಡಲೇ ಬಿಟ್ಟ. ಸುಮ್ಮನೆ ಗೌರವಕ್ಕೆ ಕಾದದ್ದಲ್ಲ.

ಮುಚ್ಚೋದರ ಉದಾಹರಣೆ ಬೇಕಾ? 1974ರ ನೀಸ್ ಒಲಿಂಪಿಯಾಡ್, ಕಾರ್ಪೋವ್ ಮತ್ತು ಉನ್ಜಿಕರ್. ರಾಯ್ ಲೋಪೆಜ್. ಬಿಳಿಯ ಡಿ4, ಇ4. ಕರಿಯ ಸಿ5, ಇ5. ಎರಡೆರಡು ಟೆನ್ಷನ್! ಹದಿಮೂರನೇ ನಡೆಗೆ ಕಾರ್ಪೋವ್ ಡಿ5 ತಳ್ಳಿ ನಡುವಿನ ಬಾಗಿಲಿಗೆ ಬೀಗ ಹಾಕಿದ. ಮಂತ್ರದ ಪ್ರಕಾರ ಇದು ಮಹಾಪಾಪ. ಆದರೆ ನಡುವಿಗೆ ಬೀಗ ಬಿದ್ದ ಮೇಲೆ ಯುದ್ಧ ಎಲ್ಲಿ ನಡೀಬೇಕು ಅಂತ ಅವನಿಗೆ ಗೊತ್ತಿತ್ತು. 24ನೇ ನಡೆಗೆ ಒಂಟೆಯನ್ನ ಎ7ರಲ್ಲಿ ತಂದಿಟ್ಟು ಎ ಸಾಲಿಗೇ ಅಡ್ಡ ಕೂರಿಸಿದ. ಎದುರಾಳಿ ಆನೆಗಳನ್ನ ಅದಲುಬದಲು ಮಾಡೋ ಹಾಗಿಲ್ಲ, ಇವನು ಅದರ ಮರೆಯಲ್ಲಿ ಆರಾಮಾಗಿ ತಯಾರಿ ಮಾಡಿಕೊಳ್ಳಬಹುದು. ಗೆದ್ದ. ಇವತ್ತಿಗೂ ಆ ಒಂಟೆ ನಡೆಯನ್ನ ಪಾಠ ಮಾಡ್ತಾರೆ. ಆದರೆ ಅದಕ್ಕೆ ಮೊದಲು ಟೆನ್ಷನ್ ಬಿಟ್ಟದ್ದನ್ನ ಯಾರೂ ಎತ್ತಿ ಹೇಳಲ್ಲ.

ನನಗೆ ಇವೆಲ್ಲಕ್ಕಿಂತ ಇಷ್ಟ ಮೀರ್ ಸುಲ್ತಾನ್ ಖಾನ್. ಪಂಜಾಬಿನವನು. ನಮ್ಮ ಆಪರೇಟರ್ ಥರಾನೇ ಹಳೇ ಭಾರತೀಯ ನಿಯಮದಲ್ಲಿ ಆಟ ಕಲಿತವನು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ, 1932 ಮತ್ತು 1933ರಲ್ಲಿ ಮತ್ತೆ ಆದ. 1930-31ರ ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ ಕಾಪಾಬ್ಲಾಂಕಾನನ್ನೇ ಸೋಲಿಸಿದ. ತಾಳ್ಮೆಯ ಆಟದಲ್ಲಿ ಬೆಳೆದವನು, ಟೆನ್ಷನ್ ಹಿಡಿದಿರಬೇಕು ಅಲ್ವಾ? ಇಲ್ಲ ಸ್ವಾಮಿ! ಆರನೇ ನಡೆಗೇ ಸಿ4ರಿಂದ ಡಿ5ನ್ನ ತಗೊಂಡ. ಯಾಕೆ? ಕರಿ ಒಂಟೆ ಬಿ7ರಲ್ಲಿ ಕೂತು ಉದ್ದದ ಓರೆ ದಾರಿ ನೋಡ್ತಿತ್ತು. ಕರಿ ಇ6ರಿಂದ ವಾಪಸ್ ತಗೊಂಡಾಗ ಕರಿಯದೇ ಕಾಲಾಳು ಡಿ5ರಲ್ಲಿ ಗಟ್ಟಿಯಾಗಿ ನಿಂತು, ಅದೇ ಒಂಟೆಗೆ ಗೋಡೆ ಆಯ್ತು. ನಾನು ಕ್ಯಾಂಟೀನಿನಲ್ಲಿ ಅದೇ ಥರ ತಗೊಂಡು ಎದುರಾಳಿಯ ಒಂಟೆಗೆ ಬಾಗಿಲು ತೆಗೆದೆ, ಸುಲ್ತಾನ್ ಖಾನ್ ಬಾಗಿಲು ಹಾಕಿದ. ನಡೆ ಒಂದೇ, ಫಲ ಉಲ್ಟಾ. ತೊಂಬತ್ತಕ್ಕೂ ಹೆಚ್ಚು ವರ್ಷ ಆದಮೇಲೆ, 2024ರಲ್ಲಿ, ಫಿಡೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು.

ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಈ ಮಂತ್ರ ಇನ್‌ಪುಟ್ ನೋಡದೆ ಯಾವಾಗಲೂ ಒಂದೇ ಉತ್ತರ ಕೊಡೋ ಫಂಕ್ಷನ್. ಅಂಥ ಕೋಡ್ ಬರೆದರೆ ನನ್ನ ಟೀಮ್ ಲೀಡ್ ಕ್ಯಾಬಿನ್ನಿಗೆ ಕರೆದು ಬಯ್ತಾರೆ. ಚೆಸ್ ಕ್ಲಾಸಿನಲ್ಲಿ ಮಾತ್ರ ಅದಕ್ಕೆ ಫೀಸು ಕೊಡ್ತೀವಿ.

"ಮಕ್ಕಳಿಗೆ ಇಷ್ಟೆಲ್ಲ ಹೇಳಿದ್ರೆ ಗೊಂದಲ ಆಗುತ್ತೆ, ಮೊದಲು ರೂಲ್ ಕಲೀಲಿ, ಎಕ್ಸೆಪ್ಷನ್ ಆಮೇಲೆ" ಅಂತ ವಾದ ಮಾಡೋರಿದ್ದಾರೆ. ಒಬ್ಬ ಗೆಳೆಯ ಈಗಾಗಲೇ ಫೋನಿನಲ್ಲಿ ಮಾಡಿಯೂ ಆಯ್ತು. ನಾನು ಕೇಳೋದಿಷ್ಟೇ: ಗೊಂದಲ ಆಗಿದ್ದು ಯಾವುದರಿಂದ? ಆ ಹುಡುಗಿಗೆ ಡಿ4 ಕಾಲಾಳು ತಗೋಬಹುದು ಅಂತ ಕಣ್ಣಿಗೆ ಕಂಡಿತ್ತು. ಕೈ ಹೋಗಿತ್ತಂತೆ. ಮಂತ್ರ ನೆನಪಾಗಿ ಕೈ ಹಿಂದೆ ತಗೊಂಡಳಂತೆ. ಅವಳ ಕಣ್ಣು ಸರಿ ಇತ್ತು, ನಾವು ಕೊಟ್ಟ ರೂಲು ಆ ಕಣ್ಣಿಗೆ ಬಟ್ಟೆ ಕಟ್ಟಿತು. ಹನ್ನೊಂದು ವರ್ಷದ ಮಗು ಸ್ವಂತ ಲೆಕ್ಕಕ್ಕಿಂತ ಸರ್ ಮಾತು ದೊಡ್ಡದು ಅಂತ ಕಲಿತರೆ ಅದು ಚೆಸ್ ಬೋರ್ಡಿಗೆ ಮಾತ್ರ ನಿಲ್ಲೋದಿಲ್ಲ.

ಇನ್ನೊಂದು ಗುಂಪು ಮೊಬೈಲ್ ತೆಗೆದು ಇಂಜಿನ್ ತೋರಿಸುತ್ತೆ. "ನೋಡಿ, ಹಿಡಿದ್ರೆ ಪ್ಲಸ್ ಸೊನ್ನೆ ಪಾಯಿಂಟ್ ನಾಲ್ಕು." ಸರಿ ಮಾರಾಯ್ರೇ, ಯಾಕೆ ಪ್ಲಸ್? ಆ ಸಂಖ್ಯೆಯ ಹಿಂದೆ ಮುಂದಿನ ಇಪ್ಪತ್ತು ನಡೆ ಇವೆ, ಅವನ್ನ ಆಡಬೇಕಾದದ್ದು ಮಗು. ಹಿಡಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿಲ್ಲದವನಿಗೆ ಆ ಪ್ಲಸ್ಸಿನಿಂದ ಚಹಾನೂ ಬರಲ್ಲ.

ಇನ್ನೂ ಒಂದು ವಿಷಯ ಈ ಹಿಡಿಯೋ ಭಕ್ತರು ಮರೀತಾರೆ. ಟೆನ್ಷನ್ ಹಿಡಿದವನ ಸ್ವಂತ ಆಸ್ತಿ ಅಲ್ಲ. ಅದು ಇಬ್ಬರ ಜಂಟಿ ಖಾತೆ. ನೀವು ಹಿಡೀತೀನಿ ಅಂತ ಕೂತಾಗ ಎದುರಿನವನು ಬಂದು ಪೂರಾ ದುಡ್ಡು ಡ್ರಾ ಮಾಡ್ಕೊಂಡು ಹೋಗಬಹುದು. ನಮ್ಮ ಹುಡುಗಿಗೆ ಆಗಿದ್ದು ಅದೇ.

ಬರೀ ಬಯ್ದು ಎದ್ದುಹೋದರೆ ತಪ್ಪಾಗುತ್ತೆ. ಆ ದಿನ ಹುಡುಗಿಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಂತ್ರದ ಬದಲು ಮೂರು ಪ್ರಶ್ನೆ ಬರೆದುಕೊಟ್ಟೆ:

1. ನಾನು ಈಗ ಬೇರೆ ನಡೆ ಆಡಿದ್ರೆ, ಅವನು ತಗೊಂಡು ನನಗೇನಾದ್ರೂ ನಷ್ಟ ಮಾಡಬಹುದಾ? ಮಾಡಬಹುದು ಅಂದ್ರೆ ಹಿಡಿಯೋ ಮಾತೇ ಇಲ್ಲ.

2. ನಾನೇ ತಗೊಂಡ್ರೆ, ಅವನು ಯಾವುದರಿಂದ ವಾಪಸ್ ತಗೋತಾನೆ? ಆಗ ಅವನಿಗೆ ಬಾಗಿಲು ತೆಗೆಯುತ್ತಾ, ಮುಚ್ಚುತ್ತಾ?

3. ಹಾಗೇ ಬಿಟ್ಟರೆ, ಮುಂದಿನ ಎರಡು ಮೂರು ನಡೆಯಲ್ಲಿ ಯಾರಿಗೆ ಒಳ್ಳೆ ಕೆಲಸ ಜಾಸ್ತಿ ಇದೆ? ನನಗಿದ್ರೆ ಹಿಡಿ. ಅವನಿಗಿದ್ರೆ ತಗೋ, ಇಲ್ಲಾ ಮುಚ್ಚು.

ಇಷ್ಟೇ. ಇದರಲ್ಲಿ ಹನ್ನೊಂದು ವರ್ಷದವರಿಗೆ ಅರ್ಥ ಆಗದ್ದು ಏನಿದೆ? ಮೊದಲನೇ ಪ್ರಶ್ನೆ ಒಂದೇ ಕೇಳಿಕೊಂಡಿದ್ದರೂ ಅವಳ ಕುದುರೆ ಉಳೀತಿತ್ತು.

ನಮ್ಮದು ಚೆಸ್ಸಿಗೆ ಹೊಸ ನಾಡೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನ 64 ಮನೆಗೂ ಓಡಿಸೋ ಬಂಧಗಳನ್ನ ಹತ್ತೊಂಬತ್ತನೇ ಶತಮಾನದಲ್ಲೇ ರಚಿಸಿದ್ದರು. ಆದರೆ ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಮೇಲೆ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್‌ಗೆ, ಮೈಸೂರಿನ ತೇಜ್‌ಕುಮಾರ್‌ಗೆ, ನಾವು 2017ರವರೆಗೆ ಕಾಯಬೇಕಾಯ್ತು. ಈಗ ಹುಬ್ಬಳ್ಳಿ ಧಾರವಾಡದಲ್ಲೂ ಮಕ್ಕಳು ಬೋರ್ಡ್ ಹಿಡಿದು ಬರ್ತಿದ್ದಾರೆ. ಷಿಫ್ಟ್ ಮುಗಿಸಿದ ಅಪ್ಪ ಸಂಬಳದಲ್ಲಿ ಫೀಸು ಕಟ್ಟಿ, ಭಾನುವಾರ ಬೈಕಿನ ಹಿಂದೆ ಕೂರಿಸಿಕೊಂಡು ಪಂದ್ಯಕ್ಕೆ ಕರಕೊಂಡು ಹೋಗ್ತಿದ್ದಾರೆ. ಆ ಫೀಸಿಗೆ ಪ್ರತಿಯಾಗಿ ಮಗುವಿಗೆ "ಯಾಕೆ" ಅನ್ನೋ ಒಂದು ಪದ ಕೊಡ್ರಪ್ಪ ಅಂತ ಕೇಳೋದು ಜಾಸ್ತಿ ಆಯ್ತಾ?

ಈ ಭಾನುವಾರ ಅವಳು ಮತ್ತೆ ಬಂದಿದ್ದಳು. ನನ್ನ ಜೊತೆ ಒಂದು ಆಟ ಆಡಿದಳು, ನಾನು ಬಿಳಿ. ಫ್ರೆಂಚ್ ಆಡಿದಳು, ನಾನು ಕುದುರೆ ಸಿ3ಕ್ಕೆ ತಂದೆ. ಅವಳು ತುಂಬಾ ಹೊತ್ತು ಬೋರ್ಡ್ ನೋಡಿ ಇ4ನ್ನ ತಗೊಂಡಳು. ಆಟ ಸೋತಳು. ಎದ್ದು ಹೋಗೋ ಮುಂದ ಕೇಳಿದಳು, "ಅಂಕಲ್, ಅಲ್ಲಿ ನಿಮ್ಮ ಕುದುರಿ ನಡುವ ಬಂತಲ್ಲ, ಅದನ್ನ ನಾನ ಕರದಂಗಾತು ಹೌದಿಲ್ಲೋ?"

ಹೌದವಾ ಅಂದೆ. "ಆದ್ರ ನನ್ನ ಒಂಟಿ ದಾರೀನೂ ಸ್ವಲ್ಪ ಸಡಲಾತು. ಮುಂದ ಬಿ6 ಆಡಿ ಬಿ7ಕ್ಕ ತಂದಿದ್ರ ಸರಿ ಹೋಗ್ತಿತ್ತೇನೋ" ಅಂದಳು. ನಾನು ಸುಮ್ಮನಾದೆ. ಯಾಕಂದ್ರೆ ಅವಳು ಹೇಳಿದ್ದು ಸರಿ ಇತ್ತು, ಅದು ನನಗೆ ಹೊಳೆದಿರಲಿಲ್ಲ.

ಸರಿ, ತುಂಬಾ ಕೊರೆದೆ. ನಾಳೆ ಬೆಳಿಗ್ಗೆ ಕಂಪನಿ ಬಸ್ಸು ಹಿಡೀಬೇಕು. ಕೋಚುಗಳು, ಚೆಸ್ ಪಂಡಿತರು ಬಯ್ಯೋದಿದ್ರೆ ಧಾರಾಳವಾಗಿ ಬಯ್ಯಿರಿ. ಆದರೆ ನಡೆ ಸಮೇತ ಬಯ್ಯಿರಿ, ಮಂತ್ರ ಬೇಡ :-)